ಬಾಲ್ಕನಿಯ ಚಿಲಕ

ಮತ್ತೆ ಕಂಪ್ಯೂಟರಿನ ಪರದೆ ನೀಲಿಯಾಯಿತು.

ಈ ಸಲ ಇನ್ನೂ ಬೇಗ. ಒರಾಜ್ ಕುರ್ಚಿಗೆ ಒರಗಿ, ಸಾವಿನ ಮನೆಗೆ ಹೋದವನು ಹೆಣದ ಮುಖ ನೋಡುವಂತೆ ಅದನ್ನು ನೋಡಿದ. ಪ್ರೊಸೆಸರಿನ ವೇಗವನ್ನು, ಅದನ್ನು ಮಾಡಿದವರು ಹಾಕಿಕೊಟ್ಟ ಮಿತಿಗಿಂತ ಒಂದಿಷ್ಟು ಮೇಲೆತ್ತಿದ್ದ, ಅಷ್ಟೆ. ಆ ವೇಗಕ್ಕೆ ವೋಲ್ಟೇಜು ಸಾಲದಿದ್ದರೆ ಅದರ ಲೆಕ್ಕ ತಪ್ಪುತ್ತದೆ, ಪರದೆ ನೀಲಿಯಾಗಿ ಯಂತ್ರ ಕೈಕೊಡುತ್ತದೆ. ವೋಲ್ಟೇಜು ಏರಿಸಿದರೆ ಬಿಸಿಯೇರುತ್ತದೆ, ಬಿಸಿಯೇರಿದರೂ ಲೆಕ್ಕ ತಪ್ಪುತ್ತದೆ. ಎರಡರ ನಡುವೆ ಎಲ್ಲೋ ಕಾಲಿಡುವಷ್ಟು ಜಾಗವಿರಬೇಕು. ಚಳಿಗಾಲವಿಡೀ ಅವನು ಹುಡುಕಿದ್ದು ಅದನ್ನೇ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆಗ ತಪ್ಪು ಯಾವುದರದೆಂದು ತಿಳಿಯುತ್ತದೆ: ಕಾಲೇಜಿನಲ್ಲಿ ಹುಡುಗರಿಗೆ ಅವನು ಹೇಳುವ ಮಾತು. ಮೆಮೊರಿಯ ವೇಗ ಇಳಿಸಿ ನೋಡಿದ್ದ. ಫ್ಯಾನು ಬದಲಿಸಿದ್ದ. ಶಾಖ ದಾಟಿಸುವ ಪೇಸ್ಟನ್ನು ಒರೆಸಿ ಹೊಸದಾಗಿ ಹಚ್ಚಿದ್ದ. ಬದಲಿಸದೆ ಉಳಿದದ್ದು ಈ ಕೋಣೆ, ಮತ್ತೆ ಅವನು.

ಕರಗಂದಾ ಊರಿನ ಚಳಿಗಾಲದಲ್ಲಿ ಮನೆ ಎಷ್ಟು ಬೆಚ್ಚಗಿರಬೇಕೆಂಬುದು ಮನೆಯವನ ಕೈಯಲ್ಲಿಲ್ಲ. ಊರಿನ ಬಾಯ್ಲರಿನಿಂದ ಬಿಸಿನೀರು ಕೊಳವೆಗಳಲ್ಲಿ ಬರುತ್ತದೆ, ತಗ್ಗಿಸಲು ತಿರುಪಿಲ್ಲ. ಹೊರಗೆ ಉಗುಳು ಹೆಪ್ಪುಗಟ್ಟುವಾಗ ಒಳಗೆ ಜನ ಬನಿಯನ್ನಿನಲ್ಲಿ ಕೂತು ಬೆವರುತ್ತಾರೆ. ಒರಾಜ್ ಬಾಲ್ಕನಿಯ ಬಾಗಿಲನ್ನು ಓರೆ ಮಾಡಿ, ಆ ಸಂದಿಯ ಗಾಳಿಗೆ ಯಂತ್ರವನ್ನಿಟ್ಟಿದ್ದ. ಅದು ಹಗಲಿಡೀ ತಪ್ಪಿಲ್ಲದೆ ಓಡುತ್ತಿತ್ತು. ಕೊನೆಗೂ ಸ್ಥಿರವಾಯಿತು, ಅಂದುಕೊಂಡಿದ್ದ. ಅದನ್ನು ಸ್ಥಿರವಾಗಿಟ್ಟದ್ದು ಚಳಿ.

ಇಂದು ಆ ಸಂದಿ ಮುಚ್ಚಿತು. ಮಗಳಿಗೆ ನಲವತ್ತು ದಿನ ತುಂಬಿತ್ತು. ಬೆಳ್ಳಿಯುಂಗುರ ಹಾಕಿದ ನೀರನ್ನು ಹಿರಿಯಳೊಬ್ಬಳು ನಲವತ್ತು ಚಮಚ ಎಣಿಸಿ ಮಗುವಿನ ಮೇಲೆ ಹಾಕಬೇಕು, ಗಾಳಿ ಸೋಕಬಾರದು. ಅತ್ತೆ ಕುಲ್ಯಾಶ್ ಬೆಳಿಗ್ಗೆ ಬಲ್ಖಾಶಿನಿಂದ ಬಂದವಳು, ಕೋಟು ಬಿಚ್ಚುವ ಮೊದಲೇ ಬಾಲ್ಕನಿಯ ಬಾಗಿಲನ್ನು ಎಳೆದು ಹಾಕಿದಳು.

"ನೋಡ್ರೇ, ನಮ್ಮ ಅಳಿಯಂದಿರು ಬಾಗಿಲು ತೆಗೆದಿಟ್ಟು ಊರಿಗೆಲ್ಲ ಒಲೆ ಹಚ್ಚಿದಾರೆ," ಎಂದಳು. ಬಂದಿದ್ದ ಹೆಂಗಸರು ನಕ್ಕರು. ಒರಾಜನೂ ನಕ್ಕ. ಆಗಿನಿಂದ ಪರದೆ ನೀಲಿಯಾಗುತ್ತಲೇ ಇತ್ತು.

ಹೆಂಡತಿ ಮೆರುಯೆರ್ತ್ ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ಹಿಟ್ಟಿನುಂಡೆಯ ಬಾವುರ್ಸಾಕ್ ಕರಿಯುವ ಎಣ್ಣೆಯ ವಾಸನೆ ಅವಳ ಹಿಂದೆಯೇ ಬಂತು.

"ಆಯ್ತಾ?"

"ಆಗ್ತಾ ಇದೆ."

"ನೀರು ಹಾಕೋದು ಹೆಂಗಸ್ರ ಕೆಲ್ಸ. ಆಮೇಲೆ ಟವೆಲಲ್ಲಿ ಸುತ್ತಿ ಕೊಡ್ತೀನಿ. ನೀನು ಎತ್ಕೋಬೇಕು."

"ಬರ್ತೀನಿ."

"ಸಂಜೆ ನಾನೂ ಮಗೂನೂ ಅಮ್ಮನ ಜೊತೆ ಊರಿಗೆ ಹೊರಡ್ತೀವಿ. ನೀನು ಎತ್ಕೊಂಡ್ರೆ ವಾಪಸ್ ಬರ್ತೀವಿ."

ದನಿ ಏರಿಸಲಿಲ್ಲ. ಬರುವಾಗ ಉಪ್ಪು ತಾ ಎನ್ನುವಂತೆ ಹೇಳಿ ಹೋದಳು.

ಮಗಳನ್ನು ಅವನು ಒಂದೇ ಸಲ ಎತ್ತಿಕೊಂಡಿದ್ದ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಫೋಟೋಗೆ. ತೋಳುಗಳು ಮರದಂತೆ ಸೆಟೆದಿದ್ದವು. ಎದೆಯಲ್ಲಿ ಏನೋ ಆಗುತ್ತದೆಂದು ಕಾದ. ಆಗಲಿಲ್ಲ. ಜೋಪಾನವಾಗಿ ಹಿಂತಿರುಗಿಸಿದ. ಆಮೇಲೆ ಕೇಳಿದಾಗಲೆಲ್ಲ, ಇದೊಂದು ಸರಿಹೋಗಲಿ, ಎಂದು ಯಂತ್ರವನ್ನು ತೋರಿಸಿದ್ದ.

ಅವನ ಅಜ್ಜಿಯ ಕತೆಯ ತುಲ್ಪಾರ್ ಕುದುರೆಗೂ ನಲವತ್ತೇ ದಿನ. ಬೆಳಕಿಲ್ಲದ ಲಾಯದಲ್ಲಿ ಕಟ್ಟಿದರೆ ಅದಕ್ಕೆ ರೆಕ್ಕೆ ಮೂಡುತ್ತವೆ. ಅಲ್ಲಿಯವರೆಗೆ ಯಾರೂ ಇಣುಕಬಾರದು. ಒಡೆಯ ಇಣುಕುತ್ತಾನೆ, ರೆಕ್ಕೆ ಕರಗುತ್ತವೆ. ಇಣುಕದಿದ್ದರೆ ಏನಾಗುತ್ತಿತ್ತು ಎಂದು ಚಿಕ್ಕ ಒರಾಜ್ ಕೇಳಿದ್ದ. "ಆಗ ಕತೆ ಇರ್ತಿರ್ಲಿಲ್ಲ ಕಂದಾ, ಕುದುರೆ ಇರ್ತಿತ್ತು," ಎಂದಿದ್ದಳು.

ಒಂದೇ ಒಂದು ಸಲ, ಎಂದುಕೊಂಡ. ಕಿಟಕಿಯ ಚೌಕಟ್ಟಿಗೆ ಕಳೆದ ವರ್ಷವೇ ಕೊರೆದ ತೂತಿತ್ತು. ತಂತಿಗಳನ್ನು ಅದರಲ್ಲಿ ತೂರಿಸಿ, ಪರದೆಯನ್ನು ಒಳಗೇ ಗಾಜಿನ ಕಡೆ ತಿರುಗಿಸಿಟ್ಟು, ಯಂತ್ರವನ್ನೂ ಕೀಲಿಮಣೆಯನ್ನೂ ಹೊತ್ತು ಬಾಲ್ಕನಿಗೆ ಹೋದ. ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ಎಳೆದುಕೊಂಡ. ಮೈಮೇಲೆ ಅಂಗಿಯೊಂದೇ. ಕುಕ್ಕರುಗಾಲಲ್ಲಿ ಕೂತು ಪರೀಕ್ಷೆ ಶುರುಮಾಡಿದ.

ಗಾಜಿನಾಚೆ ಪರದೆಯ ಮೇಲೆ ಪರೀಕ್ಷೆಯ ಹಸಿರು ಗೆರೆ ಬೆಳೆಯತೊಡಗಿತು. ಒಂದು ಲೆಕ್ಕ ಸರಿ. ಮುಂದಿನದೂ ಸರಿ. ಒಳಗಿನಿಂದ ಕುಲ್ಯಾಶಳ ಎಣಿಕೆ ಕೇಳುತ್ತಿತ್ತು, ನೀರಿನ ಸದ್ದು, ಮಗುವಿನ ಒಂದು ಬಿಕ್ಕು. ಎಣಿಕೆ ನಲವತ್ತಕ್ಕೆ ಮುಟ್ಟಿತು. ಹೆಂಗಸರು ಹರಸಿದರು.

ಹೆಜ್ಜೆ ಸಪ್ಪಳ. ಕುಲ್ಯಾಶ್ ಕೋಣೆಗೆ ಬಂದಳು. ಯಂತ್ರದತ್ತ ಬಾಗಿ ಗಾಜಿನ ಕೆಳಗೆ ಕೂತವನು ಅವಳಿಗೆ ಕಾಣಲಿಲ್ಲ. ಚಿಲಕ ಹಾಕದ ಬಾಗಿಲು ಮಾತ್ರ ಕಂಡಿತು. ಏನೋ ಗೊಣಗಿ, ಚಿಲಕ ತಿರುಗಿಸಿದಳು.

"ಒರಾಜ್!" ಮೆರುಯೆರ್ತಳ ದನಿ ಪಕ್ಕದ ಕೋಣೆಯಿಂದ ಬಂತು.

ಸಿಗರೇಟು ಸೇದಲು ಕೆಳಗಿಳಿದಿರಬೇಕು ಎಂದರು ಯಾರೋ. ಮೆರುಯೆರ್ತ್ ಇನ್ನೊಂದು ಸಲ ಕೂಗಲಿಲ್ಲ.

ಅವನು ಎದ್ದ. ಬೆರಳ ಗೆಣ್ಣುಗಳನ್ನು ಗಾಜಿನ ಹತ್ತಿರ ತಂದ. ಈಗ ತಟ್ಟಿದರೆ ಬಾಗಿಲು ತೆರೆಯುತ್ತಾರೆ. ಒದ್ದೆ ಮಗುವಿಗೆ ಗಾಳಿ ಸೋಕುತ್ತದೆ. ತಟ್ಟದಿರಲು ಕಾರಣ ಇಷ್ಟು ಅಚ್ಚುಕಟ್ಟಾಗಿ ಸಿಕ್ಕಿದ್ದಕ್ಕೆ ಅವನಿಗೇ ಸೋಜಿಗವಾಯಿತು. ಗಾಜಿನ ಒಳಮೈಯಲ್ಲಿ ಹಬೆ ಕೂರುತ್ತಿತ್ತು. ಹಸಿರು ಗೆರೆ ಇನ್ನೂ ಕಾಣುತ್ತಿತ್ತು, ಒಂದೂ ತಪ್ಪಿಲ್ಲದೆ. ಬೆರಳುಗಳು ಮರಗಟ್ಟತೊಡಗಿದವು. ಮತ್ತೆ ಕುಕ್ಕರಿಸಿ, ಯಂತ್ರದ ಹಿಂಬದಿಯಿಂದ ಬರುವ ಬಿಸಿಗಾಳಿಗೆ ಅಂಗೈಯೊಡ್ಡಿದ. ಲೆಕ್ಕ ನಡೆಯುವಷ್ಟು ಹೊತ್ತು ಅದು ಬೆಚ್ಚಗಿರುತ್ತದೆ.

ಒಳಗೆ ಬಾಗಿಲೊಂದು ತೆರೆದು ಮುಚ್ಚಿತು. ಸ್ವಲ್ಪ ಹೊತ್ತಿಗೆ ಕೆಳಗೆ ಅಂಗಳದಲ್ಲಿ ಮಕ್ಕಳ ಕೇಕೆ ಎದ್ದಿತು. ಅವನು ಬಾಲ್ಕನಿಯಿಂದ ಕೆಳಗೆ ನೋಡಿದ. ನಲವತ್ತು ದಿನ ಮಗಳು ತೊಟ್ಟ ಅಂಗಿಯಲ್ಲಿ ಮಿಠಾಯಿ ಗಂಟುಕಟ್ಟಿ, ಪದ್ಧತಿಯಂತೆ, ನಾಯಿಯ ಕೊರಳಿಗೆ ಬಿಗಿದು ಓಡಿಸಿದ್ದರು. ನಾಲ್ಕು ಕಡೆಯೂ ಐದಂತಸ್ತಿನ ಗೋಡೆ; ಹೊರದಾರಿಗೆ ಹಿಮ ಗುಡ್ಡೆ ಬಿದ್ದಿತ್ತು. ತನ್ನನ್ನು ಹಿಡಿದ ಮಕ್ಕಳಿಗೆ ಮಿಠಾಯಿ ಸಿಗುತ್ತದೆ ಎಂಬುದು ನಾಯಿಗೆ ತಿಳಿಯದು. ಅದು ಗೋಡೆಯ ಬುಡಕ್ಕೇ ಸುತ್ತುತ್ತಿತ್ತು. ಕೊರಳ ಎರಡು ಬದಿಗೆ ಪುಟ್ಟ ಅಂಗಿಯ ಖಾಲಿ ತೋಳುಗಳು ಎದ್ದೆದ್ದು ಬಡಿದುಕೊಳ್ಳುತ್ತಿದ್ದವು.