ಗುರುವಾರದ ಹಾಳೆ

ಕಲ್ಲಿಗೆ ಸುತ್ತಿದ್ದ ಕಾಗದವನ್ನು ಬೆಳಿಗ್ಗೆ ಒಂಬತ್ತೂವರೆಗೆ ಬಿಚ್ಚಿದ್ದೇ ತಡ, ಟೈಪಿಂಗ್ ಅಕ್ಕ ಅದನ್ನು ಮತ್ತೆ ಕಲ್ಲಿನ ಮೇಲೆ ಎಳೆದು ಮುಚ್ಚಿದಳು.

ಕರಿಕಲ್ಲು, ಬಂಗಾರದ ಬಣ್ಣದ ಅಕ್ಷರ. ಹನ್ನೊಂದು ಗಂಟೆಗೆ ಮೇಷ್ಟ್ರ ಹೆಂಡತಿ ದಾರ ಎಳೆದು ಇದರ ಮೇಲಿನ ಪರದೆ ಸರಿಸಬೇಕು. ಆಮೇಲೆ ತತ್ವಶಾಸ್ತ್ರ ವಿಭಾಗದ ದೊಡ್ಡ ಕೋಣೆಯ ಬಾಗಿಲ ಪಕ್ಕದಲ್ಲಿ ಇದು ಎಂದೆಂದಿಗೂ ಇರುತ್ತದೆ. ಕಲ್ಲಿನ ಮೇಲೆ ಹೀಗಿತ್ತು: 'ಆಶ್ರಯ ಪಡೆದವನ ಮೊದಲ ಗುಣ ಕೃತಜ್ಞತೆ, ಪ್ರಶ್ನೆ ಕೇಳುವುದು ಮನೆಯವರಿಗೆ ಬಿಟ್ಟದ್ದು.' ಕೆಳಗೆ ಮೇಷ್ಟ್ರ ಹೆಸರು, ಹುಟ್ಟಿದ ವರ್ಷ, ಎರಡು ತಿಂಗಳ ಹಿಂದೆ ತೀರಿಕೊಂಡ ದಿನ.

ಮಾತು ಮೇಷ್ಟ್ರದ್ದೇ. ಅದನ್ನು ಟೈಪ್ ಮಾಡಿದವಳೂ ಅವಳೇ. ಆದರೆ ಅದು ಸೋಮವಾರದ ಮಾತು.

ಮೇಷ್ಟ್ರು ನಲವತ್ತು ದಾಟಿದ ಮೇಲೆ ಒಂದು ಸೂಟ್‌ಕೇಸು ಹಿಡಿದು ಈ ದೇಶಕ್ಕೆ ಬಂದವರು. ಬಂದ ಮೇಲೆ ಕಲಿತ ಭಾಷೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದರು. ಅವರ ಪಾಠಕ್ಕೊಂದು ಕ್ರಮವಿತ್ತು. ತಾವು ಒಂದಿಷ್ಟೂ ಒಪ್ಪದ ವಾದವೊಂದನ್ನು ಆರಿಸಿಕೊಂಡು ಸೋಮವಾರ ಅದರ ಪರವಾಗಿ, ಸ್ವಂತ ತಾಯಿಯ ಪರ ನಿಂತಂತೆ ಮಾತಾಡುತ್ತಿದ್ದರು. ಗುರುವಾರ ಅದೇ ವಾದದ ಎಲುಬು ಎಲುಬು ಬಿಡಿಸಿಡುತ್ತಿದ್ದರು. "ಎದುರಾಳಿಗೆ ಮೊದಲು ಹೊಟ್ಟೆ ತುಂಬ ಊಟ ಹಾಕ್ಬೇಕು, ಆಮೇಲೆ ಕುಸ್ತಿ," ಅನ್ನುವರು. ಸೋಮವಾರ ಪಾಠ ಮುಗಿಸುವಾಗ ತಪ್ಪದೆ ಒಂದು ಮಾತು ಕೇಳುತ್ತಿದ್ದರು: "ಇಷ್ಟೆಲ್ಲ ಕೇಳಿ ಸರಿ ಅನ್ನಿಸ್ತಲ್ವಾ?" ಹುಡುಗರೆಲ್ಲ ಒಟ್ಟಿಗೆ, "ಗುರುವಾರ!" ಎಂದು ಕೂಗಿದರೆ ಗೋಡೆಯಾಚೆ ಟೈಪಿಂಗ್ ಅಕ್ಕನ ಮೇಜಿನ ಮೇಲಿನ ಲೋಟ ಅದುರುತ್ತಿತ್ತು.

ಗುರುವಾರದ ಪಾಠವನ್ನು ಹುಡುಗರು ಕೇಳಿದ್ದರು. ಕೊನೆಯ ಬೆಂಚಿನಲ್ಲಿ ಕೂತು ಕಾವಲುಗಾರ ಕೇಳಿದ್ದ, ಕಸ ಗುಡಿಸುವಾಕೆ ಕೇಳಿದ್ದಳು. ಕೇಳದೇ ಇದ್ದವರು ವಿಭಾಗದ ವಿದ್ವಾಂಸರು ಮಾತ್ರ. ಯಾಕೆಂದರೆ ಮೇಷ್ಟ್ರು ಬಂದ ಮೊದಲ ವರ್ಷವೇ ಮುಖ್ಯಸ್ಥರು ವಿಭಾಗದ ಸಭೆಯನ್ನು ಗುರುವಾರ ಅದೇ ಹೊತ್ತಿಗೆ ಇಟ್ಟರು. ಪಾಠವಿದ್ದವರು ಸಭೆಗೆ ಬರುವಂತಿಲ್ಲ. ಸಭೆಗೆ ಬಾರದವರ ಮಾತು ನಡೆಯುವಂತಿಲ್ಲ. ಎಷ್ಟು ನಯವಾದ ಕೆಲಸ!

ಈ ಮುಖ್ಯಸ್ಥರಿಗೆ ಹುಡುಗರು ಇಟ್ಟ ಹೆಸರು ತಲೆದೂಗಪ್ಪ. ಮೇಲಿನವರು ಏನೆಂದರೂ ತಲೆದೂಗುವುದು, ಕೆಳಗಿನವರು ಬಾಯಿ ತೆರೆದರೆ ಗಡಿಯಾರ ನೋಡುವುದು, ಇದು ಅವರ ಒಟ್ಟು ತತ್ವಶಾಸ್ತ್ರ. ಟೈಪಿಂಗ್ ಅಕ್ಕ ಓಡಿಹೋಗಿ ಹೇಳಿದಾಗ ಅವರು ಕನ್ನಡಿಯ ಮುಂದೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಸಾರ್, ಇದು ಅವರ ಅಭಿಪ್ರಾಯ ಅಲ್ಲ. ಇದನ್ನೇ ಅವ್ರು ಗುರುವಾರ ಚೂರು ಚೂರು ಮಾಡಿದ್ರು."

"ಟೈಪ್ ಮಾಡಿದ್ದು ಯಾರಮ್ಮಾ? ನೀನೇ ತಾನೆ? ನಿನ್ನ ಫೈಲಿಂದಾನೇ ತೆಗೆದಿದ್ದು."

"ಆ ಫೈಲಿನ ಹಿಂದುಗಡೇನೇ ಗುರುವಾರದ ಹಾಳೇನೂ ಇದೆ ಸಾರ್."

"ಅಷ್ಟು ಹಿಂದಕ್ಕೆಲ್ಲ ಯಾರು ಹೋಗ್ತಾರೆ? ಎಂಥಾ ವಿನಯದ ಮಾತು, ನೋಡು. ಕಲ್ಲು ಕೆತ್ತಿಸಿಯಾಯ್ತು. ಜನ ಬರ್ತಿದ್ದಾರೆ." ಅವರು ಒಂದು ಹಾಳೆ ಚಾಚಿದರು. "ಆ ವಾಕ್ಯ ಇರೋ ಪುಟ. ನೀನೇ ಓದು, ನಿನಗೂ ಒಂದು ಗೌರವ ಸಿಕ್ಕಂಗಾಗುತ್ತೆ. ಕೊನೇ ಸಾಲು ಹೊಡೆದು ಹಾಕಿದೀನಿ, ಅದು ಬರೀ ಕ್ಲಾಸಿನ ತಮಾಷೆ."

ಹಾಳೆಯ ಕೊನೆಯ ಸಾಲಿನ ಮೇಲೆ ಪೆನ್ಸಿಲ್ ಗೀಟು. ಕಾಲಿನಿಂದ ಒರೆಸಿದಂತಿತ್ತು. ಅವಳು ಹಾಳೆ ಹಿಡಿದು, ಎಂದಿನಂತೆ "ಸರಿ ಸಾರ್" ಎಂದು ಹೊರಗೆ ಬಂದಳು. ಆ "ಸರಿ ಸಾರ್" ಕೇಳಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಯಾಕೆಂದರೆ ಈ ಹೇಸಿಗೆ ಕೆಲಸದಲ್ಲಿ ಅರ್ಧ ಪಾಲು ಅವಳದ್ದೂ ಆಗಿತ್ತು. ಮೇಷ್ಟ್ರು ಈ ದೇಶದಲ್ಲಿ ಇನ್ನೊಂದು ವರ್ಷ ಉಳಿಯಬೇಕಾದರೆ ಪರದೇಶದವರ ಕಚೇರಿಗೆ ವಿಭಾಗದಿಂದ ವರ್ಷವರ್ಷವೂ ಒಂದು ಪತ್ರ ಹೋಗಬೇಕಿತ್ತು. 'ಹೊರಗಿನವರಾದ್ದರಿಂದ ಕಾಯಂ ಮಾಡಲು ಬರುವುದಿಲ್ಲ. ಈ ವರ್ಷಕ್ಕೆ ತಾತ್ಕಾಲಿಕವಾಗಿ ಮುಂದುವರಿಸಬಹುದು.' ತಲೆದೂಗಪ್ಪ ಹೇಳುವುದು, ಇವಳು ಟೈಪ್ ಮಾಡುವುದು. ಕಚೇರಿಯ ರೂಢಿಯಂತೆ ಕೆಳಗಿನ ಎಡಮೂಲೆಯಲ್ಲಿ ಟೈಪ್ ಮಾಡಿದವಳ ಹೆಸರಿನ ಎರಡಕ್ಷರ. ಸಹಿಯಾಗಬೇಕಾದ ಪತ್ರ ತಲೆದೂಗಪ್ಪನ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿರುತ್ತಿತ್ತು. ಕೊನೆಗೆ ಮೇಷ್ಟ್ರೇ ಬಂದು, ಕ್ಯಾಪು ಕೈಯಲ್ಲಿ ಹಿಡಿದು, ಅವಳ ಮೇಜಿನ ಪಕ್ಕ ನಿಲ್ಲುತ್ತಿದ್ದರು. "ತಂಗೀ, ನಾನು ಈ ವರ್ಷ ಇದ್ದೀನಾ?" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಛೀ, ಅದಕ್ಕೆ ಹೇಗೆ ನಗು ಬರುತ್ತಿತ್ತು?

ಹನ್ನೊಂದಕ್ಕೆ ಸಭೆ ಶುರುವಾಯಿತು. ಮುಂದಿನ ಸಾಲಿನಲ್ಲಿ ವಿದ್ವಾಂಸರು, ಹಿಂದೆ ಹಳೆಯ ಹುಡುಗರು. ಕೆಲವರ ತಲೆ ಆಗಲೇ ನರೆತಿತ್ತು. ವೇದಿಕೆಯ ಮೇಲೆ ಪರದೆ ಹೊದ್ದ ಕಲ್ಲು, ಅದರ ಪಕ್ಕ ಕುರ್ಚಿಯಲ್ಲಿ ಮೇಷ್ಟ್ರ ಹೆಂಡತಿ. ಬೂದು ಬಣ್ಣದ ಶಾಲು ಹೊದ್ದ ಸಣ್ಣ ಜೀವ. ದಾರದ ತುದಿಯನ್ನು ಆಗಲೇ ಅವರ ಕೈಗೆ ಕೊಟ್ಟಾಗಿತ್ತು.

ಒಬ್ಬೊಬ್ಬರೇ ಎದ್ದು ಅತ್ತರು. ಚಹಾದ ಹೊತ್ತಿಗೆ ಮೇಷ್ಟ್ರ ಉಚ್ಚಾರವನ್ನು ಅಣಕಿಸಿ ಬಿಸ್ಕತ್ತಿನ ಪುಡಿ ಹಾರುವಂತೆ ನಗುತ್ತಿದ್ದ ದಪ್ಪ ಕನ್ನಡಕದವರು, "ಅವರ ಆ ಮುದ್ದಾದ ಮಾತಿನ ಧಾಟಿ..." ಎಂದು ಕರವಸ್ತ್ರ ತೆಗೆದರು. ತರ್ಕಶಾಸ್ತ್ರದವರು ಮೇಷ್ಟ್ರನ್ನು ಅಣ್ಣ ಅಂದರು. ಬದುಕಿದ್ದಾಗ ಒಂದು ದಿನವೂ ಮನೆಗೆ ಕರೆದವರಲ್ಲ. ತಲೆದೂಗಪ್ಪನಂತೂ ಗದ್ಗದಿತರಾಗಿ, "ನಮ್ಮ ವಿಭಾಗವೇ ಅವರ ಮನೆಯಾಗಿತ್ತು," ಎಂದರು. ಟೈಪಿಂಗ್ ಅಕ್ಕನಿಗೆ ಆ ಮೊಸಳೆ ಕಣ್ಣೀರಿಗೊಂದು ಬಕೆಟ್ ತಂದಿಡೋಣ ಅನ್ನಿಸಿತು.

"ಕಲ್ಲಿನ ಮೇಲೆ ಕೆತ್ತಿಸಿರೋ ಮಾತಿನ ಪುಟವನ್ನ ಈಗ ಓದ್ತಾರೆ," ಎಂದು ತಲೆದೂಗಪ್ಪ ಅವಳನ್ನು ಕರೆದರು. ಓದಿದಳು. ಸೋಮವಾರದ ವಾದ ಅಚ್ಚುಕಟ್ಟಾಗಿತ್ತು, ಮೇಷ್ಟ್ರು ಎದುರಾಳಿಗೆ ಎಂದೂ ತಂಗಳು ಬಡಿಸಿದವರಲ್ಲ. ಕೃತಜ್ಞತೆಯ ವಾಕ್ಯ ಬಂದಾಗ ಮುಂದಿನ ಸಾಲು ಹಿತವಾಗಿ ತಲೆದೂಗಿತು. ಮೇಷ್ಟ್ರ ಹೆಂಡತಿ ಮಾತ್ರ ತಲೆಯೆತ್ತಿ ಅವಳನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನೀನೂನಾ, ಎಂದು ಕೇಳಿದಂತಿತ್ತು.

ಪೆನ್ಸಿಲ್ ಗೀಟಿನ ಹತ್ತಿರ ಅವಳು ನಿಂತಳು. ತಲೆದೂಗಪ್ಪ ಚಪ್ಪಾಳೆಗೆ ಕೈ ಎತ್ತಿಯಾಗಿತ್ತು. ಮೊಮ್ಮಗಳ ಶಾಲೆ, ನಿವೃತ್ತಿಗೆ ಉಳಿದ ಮೂರು ವರ್ಷ, ಎಲ್ಲ ಕಣ್ಣ ಮುಂದೆ ಹಾದುಹೋಯಿತು. ಆದರೂ ಓದಿದಳು.

"ಇಷ್ಟೆಲ್ಲ ಕೇಳಿ ಸರಿ ಅನ್ನಿಸ್ತಲ್ವಾ?"

ಬಾಗಿಲ ಬಳಿ ನಿಂತಿದ್ದ ಕಾವಲುಗಾರನ ಒಡಕು ದನಿ, "ಗುರುವಾರ!" ಅಂತು. ಹಿಂದಿನ ಸಾಲುಗಳೆಲ್ಲ ಎದ್ದು ನಿಂತವು. "ಗುರುವಾರ!" ಕಿಟಕಿಯ ಗಾಜು ಝಲ್ಲೆಂದಿತು. ಮುಂದಿನ ಸಾಲಿನವರು ಬೆಂಕಿ ಬಿತ್ತೇನೋ ಎಂಬಂತೆ ಹಿಂದೆ ತಿರುಗಿ ನೋಡಿದರು. ಅವರಲ್ಲಿ ಒಬ್ಬರಿಗೂ ಆ ಕೂಗಿನ ಅರ್ಥ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗಿದ್ದ ಪಂಡಿತರು!

"ಆಯ್ತು, ಆಯ್ತು, ಕೂತ್ಕೊಳ್ಳಿ," ತಲೆದೂಗಪ್ಪ ಬೆವರು ಒರೆಸಿಕೊಂಡರು. "ಅಮ್ಮಾ, ತಾವು ದಾರ ಎಳೀಬೇಕು."

ಮೇಷ್ಟ್ರ ಹೆಂಡತಿ ದಾರವನ್ನು ನಿಧಾನವಾಗಿ ಸುತ್ತಿ ಕಲ್ಲಿನ ಮೇಲೇ ಇಟ್ಟರು. "ಇವತ್ತು ಸೋಮವಾರ ಅಲ್ವಾ?"

"ಹೌದಮ್ಮಾ."

"ಹಾಗಾದ್ರೆ ಗುರುವಾರ ಬರ್ತೀನಿ. ಅಲ್ಲೀವರೆಗೆ ಇದರ ಮುಖ ಮುಚ್ಚೇ ಇರಲಿ."

"ಗುರುವಾರ ವಿಭಾಗದ ಸಭೆ ಇರುತ್ತಲ್ಲಮ್ಮಾ..."

"ಗೊತ್ತು. ಇಪ್ಪತ್ತೆರಡು ವರ್ಷದಿಂದ ಇದೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಕೆ ನಗಲಿಲ್ಲ. ಟೈಪಿಂಗ್ ಅಕ್ಕನ ಹತ್ತಿರ ಬಂದು ಕೈ ಹಿಡಿದರು.

"ಗುರುವಾರದ ಹಾಳೆ ನಿನ್ನ ಹತ್ರ ಇದೆಯಲ್ಲ ತಂಗೀ?"

"ಇದೆ ಅಮ್ಮಾ. ಬಾಯಿಪಾಠಾನೇ ಬರುತ್ತೆ. 'ಇಪ್ಪತ್ತು ವರ್ಷ ಒಂದೇ ಮನೇಲಿ ಪಾತ್ರೆ ತೊಳೆದವನನ್ನ ಇನ್ನೂ ನೆಂಟ ಅಂತ ಕರೆಯೋದು ಮರ್ಯಾದೆ ಅಲ್ಲ, ಬಾಗಿಲು ತೋರಿಸೋ ಉಪಾಯ.'"

"ಅದೇ." ಆಕೆ ಹಿಡಿದ ಕೈ ಬಿಡದೆ ಕೇಳಿದರು. "ವರ್ಷವರ್ಷ ಕಳಿಸ್ತಿದ್ದ ಆ ಪತ್ರಗಳು? ನಕಲು ಇಡ್ತಾ ಇದ್ದೆಯಂತೆ, ಇವ್ರು ಹೇಳ್ತಿದ್ರು."

ಟೈಪಿಂಗ್ ಅಕ್ಕನ ಕಿವಿಯೆಲ್ಲ ಬಿಸಿಯಾಯಿತು. ಇಪ್ಪತ್ತೆರಡು ಹಾಳೆ. ಪ್ರತಿಯೊಂದರ ಮೇಲೂ ತಲೆದೂಗಪ್ಪನ ಸಹಿ, ಪ್ರತಿಯೊಂದರ ಎಡಮೂಲೆಯಲ್ಲೂ ತನ್ನ ಎರಡಕ್ಷರ.

"ಎಲ್ಲಾ ಇವೆ ಅಮ್ಮಾ."

"ಅವನ್ನೂ ತಗೊಂಡು ಬಾ," ಎಂದರು ಮೇಷ್ಟ್ರ ಹೆಂಡತಿ. "ನೀನೇ ಓದು."