ಬೆರಳ ತುದಿಯ ವನಗೂರು

"ಗಡ್ಡ ಹಂಗೇ ಬುಟ್ಟು ಮಣ್ಣಿಗಿಡೋಕಾಯ್ತದಾ? ಇವತ್ತು ಭಾನ್ವಾರ ಬೇರೆ!" ಎಂದ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ಹಳೆಯ ರೈಟರ್ ಭೂತಯ್ಯ.

ಕೂಲಿಯವರ ಲೈನ್‌ಮನೆಯ ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದ ಗಿಡ್ಡಯ್ಯನ ಕೆನ್ನೆಗೆ ಧರ್ಮ ಆಗಲೇ ಸೋಪು ಹಚ್ಚುತ್ತಿದ್ದ. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಬಾಳ್ಳುಪೇಟೆಯಿಂದ ಎರಡು ಬಸ್ಸು ಬದಲಿಸಿ ಬಂದು, ಸೋದರಮಾವನಿಗೆ ಗಡ್ಡ ಕೆರೆದು, ಅತ್ತೆ ಸುಟ್ಟ ಅಕ್ಕಿರೊಟ್ಟಿ ತಿಂದು, ಸಂಜೆಗೆ ವಾಪಸಾಗುವುದು ಅವನ ಕ್ರಮ. ಟೈರ್ ಅಂಗಡಿ ಇಟ್ಟಿದ್ದ ಅವನಿಗೆ ಆ ಒಂದು ದಿನ ತಪ್ಪುವಂತಿರಲಿಲ್ಲ.

"ಇವತ್ತಾದ್ರೂ ಬಾಯಿ ಮುಚ್ಕೊಂಡು ಕೆರೆಸ್ಕೊಂಡ ನೋಡು," ಎಂದ ಭೂತಯ್ಯ. "ರೇಜರ್ ಗಂಟಲ ಮೇಲಿದ್ರೂ ಮಾತಾಡೋ ಗಿರಾಕಿ ಮಾರಾಯ!"

ಹೆಂಗಸರೆಲ್ಲ ನಕ್ಕರು. ಗಿಡ್ಡಯ್ಯನ ಹೆಂಡತಿ ರಾಮಮ್ಮನೂ ಸೆರಗಿನಲ್ಲಿ ಕಣ್ಣೊರೆಸುತ್ತಲೇ ನಕ್ಕಳು. ಎಪ್ಪತ್ತು ದಾಟಿದ ಮನುಷ್ಯ. ರಾತ್ರಿ ಎರಡು ಮುದ್ದೆ ಉಂಡು, ಸಾರು ಚೆನ್ನಾಗಿತ್ತು ಕಣೇ ಎಂದು ಹೇಳಿ ಮಲಗಿದವನು ಎದ್ದಿರಲಿಲ್ಲ.

ಧರ್ಮನೊಬ್ಬ ನಗಲಿಲ್ಲ. ರೇಜರನ್ನು ನೀರಿಗದ್ದಿ, ಮಾವನ ಬಲಗೈ ಮಣಿಕಟ್ಟಿನ ಗಾಯದ ಕಲೆಯನ್ನೇ ನೋಡುತ್ತ ಕೂತ.

"ನನ್ನ ಕೈಯಿಂದ ಆಗಿದ್ದು ಅತ್ತೆ ಇದು. ಬಸ್ಸು ಹೆತ್ತೂರಲ್ಲೇ ನಿಂತ್ಬುಡ್ತು. ಕಡೆಗೂ ವನಗೂರು ಮುಟ್ಲಿಲ್ಲ. ಇನ್ನು ನಾನು ಸಾಯೋಗಂಟ ಇದು ನನ್ನ ತಲೆ ಮೇಲೇ."

ರಾಮಮ್ಮನ ನಗು ಅಲ್ಲಿಗೆ ನಿಂತಿತು. ಅವಳು ಗೋಡೆ ಹಿಡಿದು ಎದ್ದು ಒಳಗೆ ಹೋದಳು.

*

ಒಂಬತ್ತು ವರ್ಷದ ಹಿಂದೆ, ೧೯೯೪ರಲ್ಲಿ, ಇಬ್ಬರೂ ನೆರಳು ಮರದ ಕೊಂಬೆ ಸವರುತ್ತಿದ್ದಾಗ ಧರ್ಮನ ಕತ್ತಿ ಜಾರಿ ಮಾವನ ಮಣಿಕಟ್ಟಿಗೆ ಬಿದ್ದಿತ್ತು. ಹಾಸನದ ಆಸ್ಪತ್ರೆಯಲ್ಲಿ ತುಂಡಾದ ನರ ಹೊಲಿದರು. ಆದರೂ ಹೆಬ್ಬೆರಳು, ತೋರುಬೆರಳು ಎರಡೂ ಮರಗಟ್ಟಿದ್ದವು.

"ಹೊಲಿದಾಯ್ತಲ್ಲ ತಾಯಿ, ಮತ್ಯಾಕೆ ಹಿಂಗೆ ಕೊರಡು?" ಎಂದು ಗಿಡ್ಡಯ್ಯ ಡಾಕ್ಟರಮ್ಮನನ್ನು ಕೇಳಿದ.

"ಕತ್ತರಿಸಿದ ಜಾಗದಿಂದ ಆಚೆಗಿರೋ ಎಳೆ ಉಳಿಯಲ್ಲ ಗಿಡ್ಡಯ್ಯ. ಮೊದಲು ಅದನ್ನ ಒಡೆದು ತೆಗೀಬೇಕು. ಆ ಕೆಲಸ ಜೀವಕೋಶಗಳೇ ಮಾಡ್ತವೆ. ಬೇಡವಾದ ಪ್ರೋಟೀನಿಗೆ ಒಂದು ಗುರುತು ಅಂಟಿಸ್ತವೆ, ಗುರುತು ಬಿದ್ದದ್ದನ್ನ ಚೂರುಚೂರು ಮಾಡ್ತವೆ. ಆ ಚೂರೇ ಮತ್ತೆ ಹೊಸದು ಕಟ್ಟೋಕೂ ಬರುತ್ತೆ. ದಾರಿ ತೆರವಾದ ಹಾಗೆ ಹೊಸ ಎಳೆ ಬೆಳೀತಾ ಹೋಗುತ್ತೆ, ದಿನಕ್ಕೆ ಒಂದು ರಾಗಿಕಾಳಿನಷ್ಟು."

ಗಿಡ್ಡಯ್ಯನ ಮುಖ ಅರಳಿತು. "ನಮ್ಮ ಭೂತಯ್ಯ ಕಡಿಯೋ ಮರಕ್ಕೆ ಸುಣ್ಣದ ಪಟ್ಟೆ ಹೊಡೀತಾನಲ್ಲ, ಹಂಗೆ! ಧರ್ಮ, ಕೇಳಿದ್ಯೇನೋ? ನನ್ನ ಕೈಯೊಳಗೇ ಒಂದು ಎಸ್ಟೇಟ್ ಐತಂತೆ ಕಣೋ!"

ಬೆರಳಿನಿಂದ ತಟ್ಟಿದಾಗ ಎಲ್ಲಿ ಝುಂ ಅನ್ನುತ್ತದೋ ಅಲ್ಲಿಯವರೆಗೆ ಎಳೆ ಬಂದಿದೆ ಎಂದು ಡಾಕ್ಟರಮ್ಮ ತೋರಿಸಿಕೊಟ್ಟರು. ಅಂದಿನಿಂದ ಬೆಳೆಯುವ ಎಳೆ ವನಗೂರಿನ ಬಸ್ಸಾಯಿತು, ಗಾಯದ ಕಲೆ ಹಾಸನವಾಯಿತು. ಅಂಗೈಯ ಬುಡ ಆಲೂರು, ನಡು ಬಾಳ್ಳುಪೇಟೆ, ತೋರುಬೆರಳ ಬುಡ ಸಕಲೇಶಪುರ, ನಡುಗೆಣ್ಣು ಹೆತ್ತೂರು, ತುದಿ ವನಗೂರು.

"ಗಿಡ್ಡಣ್ಣ, ಬಸ್ಸೆಲ್ಲೈತೆ?" ಎಂದು ಲೈನಿನವರೆಲ್ಲ ಕೇಳುವರು.

"ಬಾಳ್ಳುಪೇಟೇಲಿ ಟೀ ಕುಡೀತಾ ನಿಂತೈತೆ!"

ಐದು ತಿಂಗಳಿಗೆ ಬಸ್ಸು ಹೆತ್ತೂರಿಗೆ ಬಂತು. ಅಲ್ಲೇ ಕೆಟ್ಟು ನಿಂತಿತೆಂದು ಗಿಡ್ಡಯ್ಯ ಹೇಳಿದ. "ರೇಜರ್ ಹಿಡಿದ್ರೂ ಹಿಡಿದಂಗೇ ಗೊತ್ತಾಗಕಿಲ್ಲ ಕಣೋ."

ಕೈ ಹೊಲಿದ ದಿನದಿಂದ ಗಡ್ಡ ಕೆರೆಯುತ್ತಿದ್ದ ಧರ್ಮ, ಆಮೇಲೂ ಕೆರೆಯುತ್ತಲೇ ಬಂದ.

*

ರಾಮಮ್ಮ ಹೊರಗೆ ಬಂದಳು. ಕೈಯಲ್ಲಿ ಬಾಳೆಎಲೆಯ ಪೊಟ್ಟಣ. ಬಿಚ್ಚಿದರೆ ನಾರಿನಲ್ಲಿ ಕಟ್ಟಿದ ಕಾಕಡದ ಹೂವು, ಅರ್ಧ ಮೊಳ. ಜೊತೆಗೆ ಕಟ್ಟದೆ ಉಳಿದ ಬಿಡಿ ಹೂವು.

"ನಿನ್ನೆ ಸಂಜೆ ಕಟ್ಟಿದ್ದು. ಅರ್ಧಕ್ಕೇ ಬುಟ್ಟು ಊಟಕ್ಕೆದ್ರು."

"ಯಾರು?"

"ನಿಮ್ಮಾವ. ನನ್ನ ಕಣ್ಣಿಗೆ ಪೊರೆ ಬಂದು ಏಳು ವರ್ಷಾಯ್ತು. ದಿನಾ ನನ್ನ ತಲೆಗೆ ಹೂ ಕಟ್ತಿದ್ದೋರು ಯಾರು ಅಂದ್ಕೊಂಡಿದ್ದೆ?"

ಧರ್ಮ ದಂಡೆಯ ಮೇಲೆ ಬೆರಳಾಡಿಸಿದ. ಒಂದೊಂದು ಗಂಟೂ ಬಿಗಿ, ಒತ್ತೊತ್ತು. ಸ್ಪರ್ಶವಿಲ್ಲದ ಬೆರಳು ಕಾಕಡ ಕಟ್ಟುವುದುಂಟೆ?

"ಹಂಗಾರೆ ಬಸ್ಸು?"

"ವನಗೂರು ಮುಟ್ಟಿ ಎಂಟು ವರ್ಷಾಯ್ತು ಕಣಪ್ಪ. ಹೇಳಿದ್ರೆ ಹುಡುಗ ಬರೋದು ಬುಟ್ಬುಡ್ತಾನೆ, ಬಾಯಿ ಮುಚ್ಕೊಂಡಿರು ಅಂದ್ರು. ನೀನು ಬುಟ್ಟ ಕೂದ್ಲನ್ನೆಲ್ಲ ಸೋಮವಾರ ಅವ್ರೇ ಇನ್ನೊಂದ್ಸಲ ಕೆರ್ಕೊಳೋರು."

ಭೂತಯ್ಯ ತೊಡೆ ತಟ್ಟಿಕೊಂಡು ನಕ್ಕ. ಧರ್ಮ ಹೆಣದ ಕಡೆ ತಿರುಗಿದ. "ಏನ್ ಮಾವ! ಎಂಟು ವರ್ಷ! ಜ್ವರ ಬಂದಾಗ್ಲೂ ಬಂದಿದೀನಿ!" ಎಂದು ಗದರಿದ. ಗದರುತ್ತಲೇ ಅವನಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಸುರಿಯಿತು. "ಸುಮ್ನೆ ಬಾ ಅಂದಿದ್ರೂ ಬರ್ತಿದ್ನಲ್ಲ ಭೂತಣ್ಣ."

"ಅದ್ನ ಅವನಿಗೆ ಯಾವತ್ತಾದ್ರೂ ಹೇಳಿದ್ಯಾ?" ಎಂದ ಭೂತಯ್ಯ.

ಧರ್ಮ ಗಲ್ಲದ ಕೆಳಗಿನ ಕೂದಲನ್ನು ಒಂದೂ ಉಳಿಯದಂತೆ ಕೆರೆದು, ಮುಖ ಒರೆಸಿದ. ರಾಮಮ್ಮ ಪೊಟ್ಟಣವನ್ನು ಅವನ ಮುಂದೆ ಸರಿಸಿದಳು.

"ಮಿಕ್ಕಿದ್ದ ನೀನೇ ಕಟ್ಟು."

"ನಂಗೆ ಬರಕಿಲ್ಲ ಅತ್ತೆ."

"ಅವ್ರಿಗೂ ಬರ್ತಿರ್ಲಿಲ್ಲ."

ಹೊರಡುವ ಹೊತ್ತಿಗೆ ಹೂವಿನ ದಂಡೆ ಗಿಡ್ಡಯ್ಯನ ಎದೆಯ ಮೇಲಿತ್ತು. ಕಾಫಿಗಿಡಗಳ ನಡುವಿನ ಇಳಿಜಾರಿನಲ್ಲಿ ಚಟ್ಟ ಕುಲುಕಿದಾಗಲೆಲ್ಲ ಧರ್ಮ ಕಟ್ಟಿದ ಕಡೆಯಿಂದ ಒಂದೊಂದೇ ಹೂವು ಕಳಚಿ, ಹಿಂದೆ ಬರುವವರ ದಾರಿಗೆ ಬೀಳುತ್ತಿತ್ತು. ಗುಂಡಿಯ ಬಳಿ ಇಳಿಸಿದಾಗ ಆ ಕಡೆ ಬರಿಯ ನಾರು ಉಳಿದಿತ್ತು. ಈ ಕಡೆ, ಗಿಡ್ಡಯ್ಯ ಕಟ್ಟಿದ್ದ ಅರ್ಧ ಮೊಳದಲ್ಲಿ ಒಂದು ಎಸಳೂ ಅಲ್ಲಾಡಿರಲಿಲ್ಲ.