ಮುಟ್ಟಬಾರದ ಆಡು

ಮೊರುಪ್ ಕೂಗಲಿಲ್ಲ, ಯಾಕೆ ಕೂಗಲಿಲ್ಲ, ಮುಕ್ಕಾಲಿಯ ಮೇಲಿನ ದುರ್ಬೀನಿಗೆ ಕಣ್ಣಿಟ್ಟವನು ಬಗ್ಗಿದ ಹಾಗೇ ನಿಂತಿದ್ದಾನೆ, ಹಿಮಚಿರತೆ ಕಂಡಿತೆಂದರೆ ಊರಿಗೆಲ್ಲ ಕೇಳುವ ಹಾಗೆ ಕುಣಿದಾಡುವ ಮೈದುನ ಇವತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ ಅಂದರೆ ಏನೋ ಮಸಲತ್ತು ಇದ್ದೇ ಇದೆ, ಸ್ಪಾಲ್ಜೆಸ್ ಉಪ್ಪುಚಹಾದ ಫ್ಲಾಸ್ಕನ್ನು ಎದೆಗವಚಿಕೊಂಡು ಹಿಮದಲ್ಲಿ ಏದುಸಿರು ಬಿಡುತ್ತ ಏರಿದಳು, ಕಣ್ಣು ಮಾತ್ರ ಅವನ ಬೆನ್ನ ಮೇಲೆ — ಐದು ದಿನದಿಂದ ಒಂದು ಬಾಲದ ತುದಿಯೂ ಕಾಣದೆ ಚಿರತೆ ನೋಡಲೆಂದು ಬಂದು ಅವಳ ಮನೆಯಲ್ಲಿ ಉಳಿದ ಇಬ್ಬರು ವಿದೇಶಿಯರು ಅವಳ ಒಲೆಯ ಮುಂದೆ ಮುಖ ಜೋಲು ಹಾಕಿ ಕೂತಿದ್ದರು, ನಾಳೆ ಹೊರಟೇಬಿಡುತ್ತಾರೆ, ನಿನ್ನೆ ಊಟದ ಹೊತ್ತಿಗೆ ಇವನು ಹಲ್ಲು ಕಿರಿಯುತ್ತ ಅಂದನಲ್ಲ, ಅತ್ತಿಗೆ, ಆ ಮುದಿ ಆಡು ಇನ್ನೆಷ್ಟು ದಿನ ಹುಲ್ಲು ತಿಂತದೆ, ಚಿರತೆಗಾದ್ರೂ ಕೊಟ್ಟುಬಿಡಿ, ಪಾಪ, ಹಸ್ಕೊಂಡಿರತ್ತೆ, ಆ ವಿದೇಶಿಯರಿಗೂ ಫೋಟೋ ಸಿಗ್ತದೆ — ತಮಾಷೆಯಂತೆ! ತಮಾಷೆಯ ಸೆರಗಿನಲ್ಲೇ ಮನಸ್ಸಿನ ಮಾತು ಇರುವುದು ಅವಳಿಗೆ ಗೊತ್ತಿಲ್ಲವೇ, ಅದು ತ್ಸೆಥರ್ ಆಡು ಕಣೋ, ಪ್ರಾಣದಾನ ಪಡೆದ ಆಡು, ಮೂರು ಚಳಿಗಾಲದ ಹಿಂದೆ ಮಗಳು ದೆಲ್ದನ್‌ಳ ಎದೆಯಲ್ಲಿ ನೀರು ತುಂಬಿ ಲೇಹ್‌ನ ಡಾಕ್ಟರೇ ಕೈಚೆಲ್ಲಿದಾಗ ಲಾಮಾ ಬಂದು ಅದರ ಕಿವಿಗೆ ಕೆಂಪು ದಾರ ಪೋಣಿಸಿದರು, ಇನ್ನು ಇದು ತಾನಾಗಿ ಸಾಯುವ ತನಕ ಯಾರೂ ಕತ್ತಿ ಮುಟ್ಟಿಸುವ ಹಾಗಿಲ್ಲ ಅಂದರು, ಹುಡುಗಿ ಎದ್ದು ಕೂತಳು, ಈಗ ಹಾಸ್ಟೆಲಿನಲ್ಲಿ ಕುಣಿದುಕೊಂಡಿದ್ದಾಳೆ, ಆಡಿನ ಉಸಿರು ಇರುವ ತನಕ ಮಗಳ ಉಸಿರು, ಲಾಮಾ ಹಾಗೇನೂ ಹೇಳಿರಲಿಲ್ಲ, ಹೆತ್ತವಳಿಗೆ ಯಾರೂ ಹೇಳಬೇಕಾಗಿಲ್ಲ. ಅದಕ್ಕೇ ಬೆಳಕು ಹರಿಯುವ ಮೊದಲೇ ಎದ್ದಳು, ಆಡನ್ನು ಹೊಳೆಯಾಚೆಯ ಸೂರಿಲ್ಲದ ಹಳೇ ದೊಡ್ಡಿಗೆ ಎಳೆದುಕೊಂಡು ಹೋಗಿ ನಡುವಿನ ಕಲ್ಲಿಗೆ ಕಟ್ಟಿ, ಒಂದು ಹೊರೆ ಹುಲ್ಲು ಹಾಕಿ ಬಂದಳು, ಹುಡುಕಲಿ ಮೊರುಪ್, ಹೇಗೆ ಹುಡುಕುತ್ತಾನೋ ನೋಡೋಣ ಅಂದುಕೊಂಡಿದ್ದಳು.

ಆದರೆ ದುರ್ಬೀನು ಹೊಳೆಯಾಚೆಗೇ ಯಾಕೆ ತಿರುಗಿದೆ, ಹಿಂಬಾಲಿಸಿಕೊಂಡು ಬಂದನೇ, ಹೆಜ್ಜೆಗುರುತು ನೋಡಿಕೊಂಡನೇ, ಅಯ್ಯೋ ಪಾಪಿ, ವಿದೇಶಿಯರು ಕ್ಯಾಮೆರಾಗಳ ಹಿಂದೆ ಉಸಿರು ಬಿಗಿಹಿಡಿದು ನಗುತ್ತಿದ್ದಾರೆ, ಸ್ವಲ್ಪ ಆಚೆ ಸರಿ, ಅಂತ ಮೈದುನನನ್ನು ಭುಜದಿಂದ ನೂಕಿ ಅವಳೇ ಕಣ್ಣಿಟ್ಟಳು — ಮೊದಲು ಬರೀ ಬಿಳಿ, ಆಮೇಲೆ ಬೂದಿಬಣ್ಣದ ದೊಡ್ಡ ಬೆನ್ನು, ಉದ್ದ ಬಾಲ, ಮೂತಿಯೆಲ್ಲ ಕೆಂಪು, ಅದರ ಕೆಳಗೆ ಆಡಿನ ಸೆಟೆದ ನಾಲ್ಕು ಕಾಲು, ಕಲ್ಲು, ಕಲ್ಲಿನ ಸುತ್ತ ಹಿಮದಲ್ಲಿ ಒಂದು ವೃತ್ತ. ಗೊರಸಿನಿಂದ ತುಳಿದು ತುಳಿದು ಮಣ್ಣು ಕಾಣುವ ವೃತ್ತ, ಸುತ್ತಿದೆ, ಸುತ್ತಿದೆ, ಹಗ್ಗ ಬಿಟ್ಟಷ್ಟೇ. ದೆಲ್ದನ್, ನನ್ನ ಬಂಗಾರ, ಈಗ ತರಗತಿಯಲ್ಲಿರುತ್ತಾಳೆ, ಕೆಮ್ಮುತ್ತಿದ್ದಾಳೋ ಏನೋ, ಫೋನ್ ಇಲ್ಲಿ ಹತ್ತುವುದಿಲ್ಲ — ಆ ವೃತ್ತವನ್ನು ಲೇಹ್‌ನಿಂದ ಬಂದ ಗೈಡ್ ಗ್ಯಾಲ್ಸನ್ ಕೂಡ ದುರ್ಬೀನಿಗೆ ಬಗ್ಗಿ ನೋಡಿದ, ಅವನ ಕಣ್ಣು ಮಹಾ ಚುರುಕು, ಇದು ಕಟ್ಟಿಹಾಕಿದ ಆಡು, ಯಾರ ಕೆಲಸ ಇದು, ಚಿರತೆಗೆ ಆಡು ಕಟ್ಟಿ ತೋರ್ಸೋದು ನ್ಯಾಷನಲ್ ಪಾರ್ಕಿನಲ್ಲಿ ಎಂಥಾ ಅಪರಾಧ ಗೊತ್ತೇನೋ ಮೊರುಪ್, ನಿನ್ನದೇ ತಾನೇ ಈ ಹಲ್ಕಾ ಕೆಲಸ?

ಈಗ ಬಾಯಿ ಬಿಡಬೇಕು, ನಾನು ಕಟ್ಟಿದ್ದು, ಬಚ್ಚಿಡೋಕೆ ಕಟ್ಟಿದ್ದು ಅನ್ನಬೇಕು, ಮೂರೇ ಮಾತು, ಆದರೆ ಹೇಳಿದರೆ ನಿಜವಾಗಿಬಿಡುತ್ತದೆ, ಮಗಳ ಉಸಿರನ್ನು ತಾಯಿಯೇ ಕಲ್ಲಿಗೆ ಕಟ್ಟಿ ಬಂದಳು ಅನ್ನುವುದು — ಮೊರುಪ್ ಮತ್ತೊಮ್ಮೆ ದುರ್ಬೀನಿಗೆ ಬಗ್ಗಿದ, ಕಲ್ಲಿಗೆ ಸುತ್ತಿದ ಹಗ್ಗವನ್ನು ನೋಡುತ್ತಿದ್ದಾನೆ, ಕಪ್ಪು ಬಿಳಿ ಯಾಕ್ ಕೂದಲಿನ ಹಗ್ಗ, ಹೊಸೆದವಳು ಅವಳೇ, ಊರಲ್ಲಿ ಅಂಥದ್ದು ಇನ್ನೊಂದಿಲ್ಲ, ಅವನಿಗೆ ಗೊತ್ತು, ಈಗ ಹೇಳುತ್ತಾನೆ, ಹೇಳದೆ ಬಿಡುತ್ತಾನೆಯೇ, ತಲೆ ಎತ್ತಿದ, ಅವಳ ಕಡೆ ನೋಡಲಿಲ್ಲ, ಹೂಂ, ನಾನೇ ಕಟ್ಟಿದ್ದು ಅಂದ. ಹಾಗಾದ್ರೆ ಇವತ್ತಿಗೆ ನಿನ್ನ ಕೆಲಸ ಮುಗೀತು, ಪಾರ್ಕಿನವರಿಗೆ ನಾನೇ ಹೇಳ್ತೀನಿ ಅಂತ ಗ್ಯಾಲ್ಸನ್ ದುರ್ಬೀನಿನ ಕಾಲು ಮಡಚತೊಡಗಿದ, ಹನ್ನೆರಡು ವರ್ಷ ಆ ಬೆಟ್ಟದಲ್ಲಿ ಚಿರತೆ ಹುಡುಕಿದವನ ಕೈ ಖಾಲಿಯಾಯಿತು. ಯಾಕೆ ಹಾಗಂದ, ಏನು ಬೇಕು ಇವನಿಗೆ, ನಾಳೆ ಗಂಡನ ಮುಂದೆ ಎತ್ತಿ ಆಡಲಿಕ್ಕೋ, ಜೀವನವಿಡೀ ನನ್ನ ತಲೆ ತಗ್ಗಿಸಿಡಲಿಕ್ಕೋ, ಇಲ್ಲ, ಇದರಲ್ಲೂ ಏನೋ ಇದೆ — ಅವನು ಹತ್ತಿರ ಬಂದ, ಫ್ಲಾಸ್ಕ್ ಇಸಕೊಂಡ, ದೆಲ್ದನ್‌ಗೆ ಹೇಳಬೇಡಿ ಅತ್ತಿಗೆ, ಮುದಿಯಾಗಿತ್ತು, ತಾನಾಗೇ ಹೋಯ್ತು ಅನ್ನಿ, ಅವಳಿಗೇನೂ ಆಗಲ್ಲ, ನೀವು ಒಂದು ಗುಟುಕು ಚಹಾ ಕುಡೀರಿ, ಮುಖ ಬಿಳಿಚಿಕೊಂಡಿದೆ. ಅವನ ಕಣ್ಣಿನಲ್ಲಿ ಹುಡುಕಿದಳು, ಕೊಂಕು ಹುಡುಕಿದಳು, ಲಾಭ ಹುಡುಕಿದಳು, ನಾಚಿಕೆಯಾಗುವಷ್ಟು ಹುಡುಕಿದಳು, ಏನೂ ಸಿಗಲಿಲ್ಲ, ಈಗ ಹೇಳು, ಈಗಲಾದರೂ ಹೇಳು ಸ್ಪಾಲ್ಜೆಸ್, ಗ್ಯಾಲ್ಸನ್ ಇನ್ನೂ ಇಲ್ಲೇ ಇದ್ದಾನೆ, ಬಾಯಿ ತೆರೆದಳು, ಹೊಳೆಯಾಚೆ ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಅಷ್ಟು ದೂರ, ಆದರೂ ಕಾಣುತ್ತಿದೆ, ಕಲ್ಲಿನ ಸುತ್ತ, ಮಣ್ಣು ಕಾಣುವಷ್ಟು, ವೃತ್ತ, ಹಗ್ಗ ಬಿಟ್ಟಷ್ಟೇ.